ಎತ್ತಬಾರದ ಫೋನು

ನಮ್ಮ ಚಿಕ್ಕಮ್ಮ ಹೊಲಿಗೆಯವಳು. ಕೈ ಎಷ್ಟು ಚುರುಕೋ ಹಟವೂ ಅಷ್ಟೇ. ಅವಳು ಹಿಡಿದ ಮೊಲಕ್ಕೆ ಮೂರೇ ಕಾಲು. ನಾನು ಅವಳ ಅಕ್ಕನ ಮಗಳು, ಅಂಗಡಿಯಲ್ಲಿ ಕಾಜ ಗುಂಡಿ ನನ್ನ ಪಾಲು, ಬೈಗುಳವೂ ನನ್ನದೇ. ಅಂಗಡಿಯ ಹಿಂದೆ ಹೊಳೆ, ಹೊಳೆಗೊಂದು ಸೇತುವೆ, ಸೇತುವೆಯಾಚೆ ಬೇರೆ ದೇಶ. ಚಿಕ್ಕಮ್ಮ ಇದ್ದೊಬ್ಬ ಮಗಳನ್ನು ಆಚೆ ದಡಕ್ಕೇ ಕೊಟ್ಟಿದ್ದಾಳೆ. ಹಿತ್ತಿಲಲ್ಲಿ ನಿಂತರೆ ಮಗಳ ಮನೆಯ ತಗಡು ಕಾಣುತ್ತದೆ. ಫೋನು ಮಾಡಿದರೆ ಮಾತ್ರ ಪರದೇಶದ ದರ. "ಊಟ ಆಯ್ತಾ" ಅನ್ನುವಷ್ಟರಲ್ಲಿ ಕರೆನ್ಸಿ ಖಾಲಿ.

ಹಾಗಾಗಿ ಈ ದಡದವರೆಲ್ಲರ ಹಾಗೆ ಅಮ್ಮ ಮಗಳೂ ರಿಂಗಿನಲ್ಲೇ ಸಂಸಾರ ನಡೆಸಿದರು. ಒಂದು ರಿಂಗು ಕೊಟ್ಟು ಇಟ್ಟರೆ ಎಲ್ಲ ಕ್ಷೇಮ. ಎರಡು ಕೊಟ್ಟರೆ, ಭಾನುವಾರ ಸೇತುವೆಯ ಹತ್ತಿರ ಬಾ. ನಿಲ್ಲದೆ ಬಡಿದುಕೊಂಡರೆ ಕೆಟ್ಟ ಸುದ್ದಿ, ಕೈಯಲ್ಲಿದ್ದದ್ದು ಬಿಟ್ಟು ಓಡಿ ಬಾ. ಯಾವುದಕ್ಕೂ ಫೋನು ಎತ್ತುವಂತಿಲ್ಲ. ಹೋದ ವರ್ಷ ಒಂದೇ ಸಲ ಹಾಗೆ ನಿಲ್ಲದೆ ಬಡಿದುಕೊಂಡಿತ್ತು. ಚಿಕ್ಕಮ್ಮ ಓಡಿಹೋಗಿ ನೋಡುವಾಗ ಮಗಳ ಚೊಚ್ಚಲ ಕೂಸು ಉಳಿದಿರಲಿಲ್ಲ.

ಈಗ ಮಗಳು ಮತ್ತೆ ತುಂಬಿದ ಬಸುರಿ. ಚಿಕ್ಕಮ್ಮನೋ, ಮಷೀನಿನ ಪಕ್ಕ ಫೋನಿಟ್ಟುಕೊಂಡು, ಬೆಳಗಿನ ಒಂದು ರಿಂಗು ಬರುವ ತನಕ ತೊಟ್ಟು ನೀರೂ ಮುಟ್ಟುತ್ತಿರಲಿಲ್ಲ.

ಅಷ್ಟರಲ್ಲಿ ನಮ್ಮ ಸುತ್ತಿನ ಏಳು ದೇಶಗಳು ವರ್ಷಗಟ್ಟಲೆ ಕೂತು ಎದ್ದು, ಅಂತೂ ರುಜು ಹಾಕಿದವು: ಪಕ್ಕದ ದೇಶಕ್ಕೆ ಮಾಡುವ ಕರೆಗೂ ಇನ್ನು ಊರೊಳಗಿನ ದರವೇ. ಎರಡೂ ಕಡೆಯವರು ಸೇರಿ ಸೇತುವೆಯ ಕೆಳಗೆ ಕೇಬಲ್ ಎಳೆದದ್ದನ್ನು ನಾವೇ ಕಣ್ಣಾರೆ ನೋಡಿದ್ದೆವು. ಸೋಮವಾರದಿಂದ ಜಾರಿ ಎಂದು ಚಿಕ್ಕಮ್ಮನಿಗೆ ಹೇಳಿ ಹೇಳಿ ನನ್ನ ಬಾಯಿ ನೋಯಿತು.

"ಸುಮ್ನಿರೆ," ಎಂದಳು, ದಾರವನ್ನು ಹಲ್ಲಲ್ಲಿ ಕಡಿಯುತ್ತ. "ಒಂದು ಸರ್ಕಾರನೇ ಮಾತು ಉಳಿಸ್ಕೊಳ್ಳಲ್ಲ. ಏಳು ಸೇರಿ ಉಳಿಸ್ಕೊಳ್ತಾವಾ?"

ಗೋಡೆಗೆ ಹೇಳಿದ್ದರೆ ಅದಾದರೂ ಕೇಳುತ್ತಿತ್ತು.

ಸೋಮವಾರ ಮಧ್ಯಾಹ್ನ ಶಾಲೆಯ ಸಮವಸ್ತ್ರದ ತೋಳು ಕತ್ತರಿಸುತ್ತಿದ್ದಳು. ಫೋನು ಬಡಿದುಕೊಂಡಿತು. ಒಂದು. ಎರಡು. ನಿಲ್ಲಲಿಲ್ಲ. ಚಿಕ್ಕಮ್ಮನ ಕತ್ತರಿ ಬಟ್ಟೆಯೊಳಗೇ ಉಳಿಯಿತು. ನಾನು ಕೈ ಚಾಚಿದರೆ ಮಣಿಕಟ್ಟು ಹಿಡಿದಳು.

"ಎತ್ಬೇಡ. ನಂಗೆ ಕೇಳೋ ಶಕ್ತಿ ಇಲ್ಲ."

ನಿಂತಿತು. ಮತ್ತೆ ಶುರುವಾಯಿತು. ಅವಳು ಚಪ್ಪಲಿಯನ್ನು ಅದಲುಬದಲು ಮೆಟ್ಟಿಕೊಂಡು, ಫೋನನ್ನು ಅಲ್ಲೇ ಬಿಟ್ಟು ಸೇತುವೆಯ ಕಡೆ ಓಡಿದಳು. ನನಗೂ ಹೆದರಿಕೆಯೇ, ಸುಳ್ಳೇಕೆ ಹೇಳಲಿ. ಆದರೂ ಎತ್ತಿ ಹಲೋ ಎಂದೆ.

"ಎಷ್ಟು ಹೊತ್ತು ಮಾಡೋದು?" ಆ ಕಡೆ ಮಗಳೇ ರೇಗುತ್ತಿದ್ದಳು, ಸುಸ್ತಾದ ದನಿಯಲ್ಲಿ. "ಇವತ್ತಿಂದ ಮಾತಾಡ್ಬಹುದು ಅಂತ ಊರಿಗೆಲ್ಲ ಗೊತ್ತು, ಅಮ್ಮಂಗೆ ಮಾತ್ರ ಗೊತ್ತಿಲ್ವಾ? ಹೆಣ್ಣು ಮಗು. ಇಬ್ರೂ ಚೆನ್ನಾಗಿದೀವಿ ಅಂತ ಹೇಳು."

ಫೋನು ಇಡದೆ ಹಿಡಿದುಕೊಂಡೇ ಬೀದಿಗೆ ಬಿದ್ದು ಓಡಿದೆ. ಸೇತುವೆಯ ತಿರುವಿನಲ್ಲಿ ಚಿಕ್ಕಮ್ಮನ ರಟ್ಟೆ ಹಿಡಿದು ನಿಲ್ಲಿಸಿ, ಫೋನನ್ನು ಅವಳ ಕಿವಿಗೆ ಒತ್ತಿದೆ. ಕೂಸಿನ ಅಳು ಪಕ್ಕದಲ್ಲಿದ್ದ ನನಗೂ ಕೇಳಿಸಿತು. ಅವಳು ಕಟ್ಟೆಯ ಮೇಲೆ ಕುಸಿದು ಕೂತಳು. ಹೋದ ಜೀವ ಬಂದಂತಾಯಿತು, ಇಬ್ಬರಿಗೂ.

"ತುಂಬಾ ಅಳ್ತಿದೆ ಅಮ್ಮ, ಆಮೇಲೆ ಮಾಡ್ಲಾ?" ಎಂದಳು ಮಗಳು.

"ಇಡ್ಬೇಡ ಕಣೆ," ಎಂದಳು ಚಿಕ್ಕಮ್ಮ, ಮೂಗು ಒರೆಸಿಕೊಳ್ಳುತ್ತ. "ಅಳ್ಲಿ ಬಿಡು. ಕೇಳ್ತೀನಿ."