ದೊಡ್ಡಮ್ಮ ಬಿಡಿಸಿ ಓದಿದ ಚೀಟಿ

ಸವಾರಿ ಶಾಲೆಯ ಲಾಯದಲ್ಲಿ ಇಪ್ಪತ್ತೆರಡು ವರ್ಷದಿಂದ ಕುದುರೆ ನೋಡಿಕೊಳ್ಳುತ್ತಿದ್ದ ಆಕೆಯನ್ನು ಎಲ್ಲರೂ ದೊಡ್ಡಮ್ಮ ಎಂದೇ ಕರೆಯುತ್ತಿದ್ದರು. ಅಕ್ಷರ ಕಲಿತದ್ದು ನಲವತ್ತು ದಾಟಿದ ಮೇಲೆ. ಅಲ್ಲಿಂದ ಮುಂದೆ ಕಣ್ಣಿಗೆ ಬಿದ್ದದ್ದನ್ನೆಲ್ಲ ಬೆರಳಿಟ್ಟು, ಗಟ್ಟಿಯಾಗಿ, ಕೊನೆಯ ಅಕ್ಷರದವರೆಗೂ ಓದುವುದೇ ಕೆಲಸ. ಸೋಪಿನ ಹೊದಿಕೆ ಓದಿ ಮುಗಿಯುವವರೆಗೆ ಅಳಿಯ ಬಚ್ಚಲಲ್ಲಿ ಒದ್ದೆ ಮೈಯಲ್ಲೇ ನಿಂತದ್ದೂ ಉಂಟು.

ಒಂದು ಬೇಸಿಗೆಯಲ್ಲಿ, ಹೊಸದಾಗಿ ಕೊಂಡು ತಂದಿದ್ದ ಕಂದು ಹೆಣ್ಣುಕುದುರೆಗೆ ಉಬ್ಬಸ ಹತ್ತಿತು. ಹೊಳ್ಳೆ ಅರಳಿಸಿ, ಪಕ್ಕೆ ಎಳೆದು ಎಳೆದು ಉಸಿರಾಡುತ್ತಿತ್ತು. ಡಾಕ್ಟರು ಬಂದರು, ಜೀಪಿನ ಇಂಜಿನ್ ಕೂಡ ಆರಿಸಿರಲಿಲ್ಲ, ಅಷ್ಟು ಅವಸರ. ಅವರು ಸಿರಿಂಜಿಗೆ ಮದ್ದು ಎಳೆದುಕೊಳ್ಳುತ್ತಿದ್ದಂತೆ ದೊಡ್ಡಮ್ಮ ಮದ್ದಿನ ಡಬ್ಬಿಯೊಳಗಿನ ಚೀಟಿ ಬಿಡಿಸಿದಳು. ಪಕ್ಕದಲ್ಲಿದ್ದ ಲಾಯದ ಯಜಮಾನರು ಮುಖ ಸಿಂಡರಿಸಿದರು.

“ಉಸಿರಿನ ನಾಳ... ಸಡಿಲ... ಮಾಡುತ್ತದೆ...”

“ಗೊತ್ತು ದೊಡ್ಡಮ್ಮ, ಅದಕ್ಕೇ ಕೊಡ್ತಿರೋದು,” ಎಂದರು ಡಾಕ್ಟರು.

“ಗಬ್ಬದ ಕುದುರೆಗೆ... ದಿನ ತುಂಬಿದಾಗ... ಕೊಡಬಾರದು. ಹೆರಿಗೆ ನೋವು... ನಿಂತುಹೋಗುತ್ತದೆ.” ಆಕೆ ತಲೆ ಎತ್ತಿದಳು. “ಡಾಕ್ಟ್ರೇ, ಇದು ಗಬ್ಬ ಅಲ್ವಾ?”

“ಗಬ್ಬಾನೂ ಇಲ್ಲ, ಗಿಬ್ಬಾನೂ ಇಲ್ಲ!” ಯಜಮಾನರು ರೇಗಿದರು. “ತಿಂದು ತಿಂದು ಬೊಜ್ಜು ಬಂದಿದೆ ಅಂತ ಮಾರಿದವನೇ ಹೇಳಿದಾನೆ. ಅದಕ್ಕೇ ತಿಂಗಳಿಂದ ಅರ್ಧ ಮೇವು.”

“ಅರ್ಧ ಹಾಕಿದ್ರೂ ಹೊಟ್ಟೆ ಇಳೀಲಿಲ್ವಲ್ಲ ಯಜಮಾನ್ರೇ. ಕೆಚ್ಚಲೂ ತುಂಬಿದೆ. ವಾರದಿಂದ ಬಡ್ಕೋತಾನೇ ಇದೀನಿ.”

ಡಾಕ್ಟರ ಕೈ ನಿಂತಿತು. ಬಗ್ಗಿ ಕೆಚ್ಚಲು ನೋಡಿದರು. ಸಿರಿಂಜು ಪಕ್ಕಕ್ಕಿಟ್ಟು, ಭುಜದವರೆಗಿನ ಕೈಗವಸು ತೊಟ್ಟು ಕುದುರೆಯ ಹಿಂದೆ ನಿಂತರು. ಸ್ವಲ್ಪ ಹೊತ್ತಿಗೆ ಅವರ ಮುಖದ ಬಣ್ಣವೇ ಬದಲಾಯಿತು.

“ನಿಮ್ಮ ಬೊಜ್ಜು ಒಳಗಿಂದ ಒದೀತಿದೆ ಸ್ವಾಮಿ! ಇವತ್ತೋ ನಾಳೆಯೋ ಅನ್ನೋ ಹಾಗಿದೆ. ನಾನೂ ಏನೂ ಕೇಳ್ದೆ ಸೂಜಿ ಎತ್ಕೊಂಡೆನಲ್ಲ...”

ಯಜಮಾನರು ಹಿಂದೆ ನೋಡದೆ ಬಕೆಟ್ಟಿನ ಮೇಲೆ ಕುಸಿದು ಕೂತರು. ಬಕೆಟ್ಟು ಬೋರಲಾಗಿರಲಿಲ್ಲ, ತುಂಬ ನೀರಿತ್ತು.

ಡಾಕ್ಟರು ಆ ಮದ್ದನ್ನು ಕೈಬಿಟ್ಟರು. ಧೂಳಿನ ಲಾಯದಿಂದ ಕುದುರೆಯನ್ನು ಹೊರತರಿಸಿ ಬಯಲಿನ ಮರದ ನೆರಳಲ್ಲಿ ಕಟ್ಟಿಸಿದರು, ಹುಲ್ಲು ನೆನೆಸಿ ಹೊಟ್ಟೆ ತುಂಬ ಹಾಕಲು ಹೇಳಿದರು, ದಿನಕ್ಕೆರಡು ಸಲ ಬಂದು ನೋಡಿದರು. ಉಬ್ಬಸ ಮೆಲ್ಲಗೆ ಇಳಿಯಿತು. ಮೂರನೆಯ ದಿನ ಬೆಳಗ್ಗೆ ದೊಡ್ಡಮ್ಮನ ಕಣ್ಣೆದುರೇ ಮರಿ ಹುಟ್ಟಿತು. ಆಕೆ ತೋಳಿನಿಂದ ಕಣ್ಣೊರೆಸಿಕೊಂಡಳು.

“ನಂಗೆ ಮೊದ್ಲಿಂದ್ಲೂ ಅನುಮಾನ ಇತ್ತು,” ಎನ್ನುತ್ತಲೇ ಯಜಮಾನರು ಓಡಿಬಂದರು. ಅಷ್ಟರಲ್ಲಿ ನಡುಗುವ ಕಾಲ ಮೇಲೆ ಎದ್ದ ಮರಿ, ಕೆಚ್ಚಲು ಸಿಗದೆ ತಡಕಾಡಿ, ಯಜಮಾನರ ಅಂಗಿಯ ತುದಿಯನ್ನೇ ಚೀಪತೊಡಗಿತು. ಅಲುಗಿದರೆ ಎಲ್ಲಿ ಬಿದ್ದೀತೋ ಎಂದು ಅವರು ಗೊಂಬೆಯಂತೆ ನಿಂತುಬಿಟ್ಟರು.

“ದೊಡ್ಡಮ್ಮ,” ಎಂದು ಪಿಸುಗುಟ್ಟಿದರು, “ಇದಕ್ಕೆ ಸ್ವಲ್ಪ ದಾರಿ ತೋರ್ಸಮ್ಮ.”