ಹಲಗೆ ಊರಿನ ಮುದುಕಿ

ಟೈಲರಮ್ಮ ಸೇನಾ ಶಿಬಿರದ ಗೇಟು ದಾಟಿದ್ದು ಪ್ಯಾಂಟುಗಳ ದೆಸೆಯಿಂದ. ವರ್ಷಕ್ಕೆ ನಾಲ್ಕು ಸಲ ಅಲ್ಲಿಗೆ ಮೀಸಲು ಪಡೆಯವರು ಬರುತ್ತಿದ್ದರು. ಹೆಸರಿಗೆ ಸಿಪಾಯಿಗಳು, ಉಳಿದ ಕಾಲದಲ್ಲಿ ಬಸ್ ಡ್ರೈವರು, ಬ್ಯಾಂಕ್ ಗುಮಾಸ್ತ, ಡ್ರಿಲ್ ಮೇಷ್ಟ್ರು. ಮೂರು ವಾರ ತರಬೇತಿ ಕೊಟ್ಟು ಅವರನ್ನು ಸಮುದ್ರದಾಚೆಯ ಒಂದು ದೇಶಕ್ಕೆ ಶಾಂತಿ ಕಾಯಲು ಕಳಿಸುತ್ತಿದ್ದರು. ಯುದ್ಧಕಾಲೇ ಶಸ್ತ್ರಾಭ್ಯಾಸ ಅನ್ನುತ್ತಾರಲ್ಲ, ಇಲ್ಲಿ ಶಸ್ತ್ರಕ್ಕೂ ಮೊದಲು ಸೊಂಟದ ಅಳತೆ ಆಗಬೇಕಿತ್ತು. ಹತ್ತು ವರ್ಷದ ಹಿಂದೆ ಕೊಟ್ಟ ಸಮವಸ್ತ್ರದೊಳಗೆ ಈಗಿನ ಹೊಟ್ಟೆ ಹಿಡಿಸುತ್ತಿರಲಿಲ್ಲ. ಹೊಲಿಗೆ ಬಿಚ್ಚಿ ಸೊಂಟ ಅಗಲ ಮಾಡಿಕೊಡಲು ಆಕೆಯನ್ನು ಕರೆಸಿದರು.

"ಹೊಟ್ಟೆ ಒಳಗೆಳ್ಕೋಬೇಡಿ ಮೇಷ್ಟ್ರೇ," ಎಂದು ಆಕೆ ಟೇಪು ಹಿಡಿದು ಗದರಿಸಿದಳು. "ಅಲ್ಲಿಗೆ ಹೋದ್ಮೇಲೆ ಎಷ್ಟು ದಿನ ಉಸಿರು ಕಟ್ಕೊಂಡಿರ್ತೀರಾ?"

ತರಬೇತಿಯ ಮೇಜರ್ ಅದನ್ನು ಕೇಳಿಸಿಕೊಂಡ. ಅವನಿಗೆ ಗದರಿಸುವ ಮುದುಕಿಯೊಬ್ಬಳು ಬೇಕಾಗಿದ್ದಳು.

ಮೈದಾನದ ಮೂಲೆಯಲ್ಲಿ ಸೇನೆಯವರು ಪ್ಲೈವುಡ್ ಹಲಗೆಯಿಂದ ಆ ದೇಶದ ಊರೊಂದನ್ನು ಕಟ್ಟಿದ್ದರು. ಹನ್ನೊಂದು ಮನೆ. ಕಿಟಕಿಗಳು ಬಣ್ಣದಲ್ಲಿ ಬರೆದವು, ಅಂಗಡಿಯ ಹಣ್ಣುಗಳು ಪ್ಲಾಸ್ಟಿಕ್ಕಿನವು. ಆಡೊಂದೇ ನಿಜವಾದದ್ದು, ಬಂದ ತಿಂಗಳಲ್ಲೇ ಅದು ಊರಿನ ನಕ್ಷೆಯನ್ನು ತಿಂದು ಹಾಕಿತ್ತು. ಸಿಪಾಯಿಗಳು ಬಾಗಿಲು ಒಡೆದು ನುಗ್ಗಿದಾಗ ಮೂರನೇ ಮನೆಯಲ್ಲಿ ಕೂತ ಟೈಲರಮ್ಮ ಕೂಗಾಡಬೇಕು. ಅವರು ಮನೆ ಶೋಧಿಸಿ ಹೋಗಬೇಕು.

"ಆ ದೇಶದ ಭಾಷೆ ನಂಗೆ ಬರಲ್ವಲ್ಲ ಸಾರ್?"

"ಇಲ್ಲಿ ಯಾರಿಗೂ ಬರಲ್ಲ. ನಮ್ಮ ಭಾಷೆ ಬಿಟ್ಟು ಏನಾದ್ರೂ ಕೂಗಿ," ಎಂದ ಮೇಜರ್. ಅವನು ಆ ದೇಶಕ್ಕೆ ಒಮ್ಮೆ ಸಭೆಗೆಂದು ಹೋಗಿ ಆರು ದಿನ ಹೋಟೆಲಿನಲ್ಲಿದ್ದು ಬಂದವನು. ಆರು ದಿನದ ಕಥೆಯನ್ನು ಪ್ರತಿ ತಂಡಕ್ಕೂ ಮೂರು ವಾರ ಹೇಳುತ್ತಿದ್ದ.

ಟೈಲರಮ್ಮ ತನಗೆ ಗೊತ್ತಿದ್ದ ಪದಗಳನ್ನೇ ತಿರುವಿ ಹಾಕಿದಳು. ಕತ್ತರಿ 'ರಿತ್ತಕ'ವಾಯಿತು, ಸೂಜಿ 'ಜಿಸೂ' ಆಯಿತು. ಎದೆ ಬಡಿದುಕೊಂಡು "ರಿತ್ತಕ, ರಿತ್ತಕ" ಎಂದು ಅರಚಿದರೆ ಗಟ್ಟಿ ಗಂಡಸರೂ ಹಿಂದೆ ಸರಿಯುತ್ತಿದ್ದರು. ಪರಿಶೀಲನೆಗೆ ಬಂದ ಸಮಿತಿ 'ಉಚ್ಚಾರಣೆ ಅತ್ಯಂತ ಸಹಜ' ಎಂದು ಬರೆದುಕೊಂಡು ಹೋಯಿತು. ರಿತ್ತಕ ಎಂದರೆ 'ದೂರ ಹೋಗು' ಎಂದು ಸಿಪಾಯಿಗಳು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡರು.

ಹೀಗೆ ಎಂಟು ವರ್ಷ ನಡೆಯಿತು. ಎಂಟನೆಯ ವರ್ಷದ ತಂಡದಲ್ಲಿ ಆಕೆಯ ಅಳಿಯನೇ ಬಂದ. ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ಓದುವ ಕೆಲಸ ಅವನದು. ಇರುವೆಗೂ ದಾರಿ ಬಿಡುವ ಪ್ರಾಣಿ. ಬಾಗಿಲು ಒದ್ದು ಒಳಗೆ ಬಂದವನು ಕೆಸರು ಬೂಟಿನಲ್ಲಿ ಆಕೆಯ ಚಾಪೆಯ ಮೇಲೆ ನಿಂತ. ಟೈಲರಮ್ಮನಿಗೆ ಪರದೇಶ ಮರೆತೇಹೋಯಿತು.

"ಅಳಿಯಂದ್ರೇ, ಕಾಲು ಒರೆಸ್ಕೊಂಡು ಬನ್ನಿ."

"ಆಯ್ತು ಅತ್ತೆ," ಎಂದು ಅವನು ಹೊರಗೆ ಹೋಗಿ ಬೂಟು ಒರೆಸಿದ. ಅವನ ಹಿಂದಿದ್ದ ಇಬ್ಬರೂ ಒರೆಸಿದರು. ಮೇಜರ್ ಸೀಟಿ ಊದಿ ಮೂವರೂ ಸತ್ತರೆಂದು ಘೋಷಿಸಿದ. ಆದರೂ ತರಬೇತಿಯಲ್ಲಿ ನಪಾಸಾದವರನ್ನು ಮನೆಗೆ ಕಳಿಸುವ ಪದ್ಧತಿ ಇರಲಿಲ್ಲ. ಮುಂದಿನ ಹಡಗಿಗೆ ಸತ್ತವರನ್ನೂ ಹತ್ತಿಸಿದರು.

ಎಂಟು ತಿಂಗಳಾದ ಮೇಲೆ ಅಳಿಯ ಕೈಕಾಲು ನೆಟ್ಟಗೇ ತಿರುಗಿ ಬಂದ. ಆದರೆ ಮಾತು ಕಡಿಮೆಯಾಗಿತ್ತು. ಮಗಳು ಅತ್ತುಕೊಂಡಳೆಂದು ಟೈಲರಮ್ಮ ಒಂದು ಮಧ್ಯಾಹ್ನ ಅವರ ಮನೆಗೆ ಹೋಗಿ ಅವನ ಎದುರು ಕೂತಳು.

"ನೀವು ಕಲಿಸಿದ್ದು ಅಲ್ಲಿ ನಡೀಲಿಲ್ಲ ಅತ್ತೆ," ಎಂದ ಅವನು.

"ನಾನೇನು ಕಲಿಸಿದ್ದೆ? ನನ್ನ ತಲೆ. ಏನಾಯ್ತು ಹೇಳಿ."

"ಒಂದು ಮನೆ ಬಾಗಿಲು ಒಡೆದ್ವಿ. ಒಳಗೆ ನಿಮ್ಮಷ್ಟೇ ವಯಸ್ಸಿನ ಹೆಂಗಸು ಇದ್ರು. 'ಹೆದರಬೇಡಿ' ಅಂತ ಕಾರ್ಡ್ ನೋಡಿ ಓದಿದೆ. ಕೂಗ್ತಾರೆ ಅಂತ ಕಾದೆ. ಕೂಗ್ಲೇ ಇಲ್ಲ. ಪೆಟ್ಟಿಗೆ ಬೀಗದ ಕೈ ತಾವೇ ತೆಗೆದು ನನ್ನ ಕೈಗಿಟ್ಟು, ಗೋಡೆ ಕಡೆ ತಿರುಗಿ ನಿಂತ್ರು. ರೂಢಿ ಆಗ್ಹೋಗಿತ್ತು ಅನ್ಸುತ್ತೆ."

"ಪೆಟ್ಟಿಗೇಲಿ ಏನಿತ್ತು?"

"ಬಟ್ಟೆ. ಚೆನ್ನಾಗಿ ಮಡಿಸಿಟ್ಟಿದ್ರು. ಎಲ್ಲಾ ಕಿತ್ತು ಹಾಕಿದ್ವಿ. ಮತ್ತೆ ಮಡಿಸೋದನ್ನ ಮೂರು ವಾರದಲ್ಲಿ ಯಾರೂ ಹೇಳ್ಕೊಡ್ಲಿಲ್ಲ."

ಮುಂದಿನ ತಂಡ ಬಾಗಿಲು ಒಡೆದಾಗ ಟೈಲರಮ್ಮ ಕೂಗಲಿಲ್ಲ. ತನ್ನ ಮನೆಯ ಪೆಟ್ಟಿಗೆಯ ಬೀಗದ ಕೈಯನ್ನು ಮುಂದಿದ್ದವನ ಅಂಗೈಗೆ ಹಾಕಿ ಗೋಡೆಯ ಕಡೆ ತಿರುಗಿದಳು. ಅವನು ಬಸ್ ಡ್ರೈವರು. ಬೀಗದ ಕೈಯನ್ನೊಮ್ಮೆ, ಆಕೆಯ ಬೆನ್ನನ್ನೊಮ್ಮೆ ನೋಡಿದ. ಹಿಂದಿನವರು ತಳ್ಳಿದರೂ ಹೆಜ್ಜೆ ಕೀಳಲಿಲ್ಲ. ಮೇಜರ್ ಊದಿದ ಸೀಟಿ ಯಾರಿಗೂ ಕೇಳಿಸಿದಂತೆ ಕಾಣಲಿಲ್ಲ.

"ಏನಮ್ಮಾ ಇದು, ಜೀವಾನೇ ಇಲ್ಲ," ಎಂದು ಮೇಜರ್ ಸಿಡಿಮಿಡಿಗೊಂಡ.

"ಅಲ್ಲಿಯವರು ಕೂಗಲ್ವಂತೆ ಸಾರ್."

"ಯಾರು ಹೇಳಿದ್ದು?"

"ಹೋಗಿ ಬಂದವರು."

"ಹೋಗಿ ಬಂದವರ ಮಾತೆಲ್ಲ ಕೇಳ್ತಾ ಕೂತ್ರೆ ಹೋಗೋರನ್ನ ತಯಾರು ಮಾಡೋಕಾಗುತ್ತಾ?"

ಇನ್ನೂ ಎರಡು ತಂಡಕ್ಕೆ ಆಕೆ ಹಾಗೆಯೇ ಮಾಡಿದಳು. ಕೊನೆಗೆ ಮೂರನೇ ಮನೆಗೆ ನಾಟಕ ಕಂಪನಿಯ ಹೆಂಗಸೊಬ್ಬಳು ಬಂದಳು. ಆಕೆ ಅತ್ತರೆ ಶಿಬಿರದ ಅಡುಗೆಮನೆಯವರೆಗೂ ಕೇಳುತ್ತಿತ್ತಂತೆ; ಸಮಿತಿಗೆ ಬಹಳ ಹಿಡಿಸಿತಂತೆ.

ಟೈಲರಮ್ಮನಿಗೆ ಅಂಚೆಯಲ್ಲಿ ಸೇವಾ ಪತ್ರ ಬಂತು. ಕನ್ನಡಕ ಸಿಗದೆ ಅದನ್ನು ಮಗಳ ಮನೆಗೆ ಒಯ್ದು ಅಳಿಯನ ಕೈಗೆ ಕೊಟ್ಟಳು. ಅವನು ಸರ್ಕಾರಿ ದನಿಯಲ್ಲಿ ಓದಿದ: "ಹುದ್ದೆ, ಪರದೇಶದ ಮುದುಕಿ, ತಾತ್ಕಾಲಿಕ. ನಡತೆ, ತೃಪ್ತಿಕರ. ಬಿಡುಗಡೆಗೆ ಕಾರಣ, ನೈಜತೆಯ ಕೊರತೆ."

ಕೊನೆಯ ಸಾಲನ್ನು ಮತ್ತೊಮ್ಮೆ ಓದಲು ಹೋದವನಿಗೆ ನಗು ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಒಳಗಿದ್ದ ಮಗಳು ಏನಾಯಿತೋ ಎಂದು ಒದ್ದೆ ಕೈಯಲ್ಲೇ ಓಡಿ ಬಂದಳು. ಮರಳಿ ಬಂದ ಮೇಲೆ ಅವನ ನಗು ಅವಳ ಕಿವಿಗೆ ಬಿದ್ದದ್ದು ಅದೇ ಮೊದಲು.