ನೀಲಿ ದೀಪದ ಕ್ಯಾಬಿನೆಟ್ಟಿಗೆ ಬಂದ ತಕರಾರು

ದೋಸ್ತರೇ, ಗೋಕಾಕದ ನನ್ನ ಕಂಪ್ಯೂಟರ್ ಅಂಗಡಿಗೆ ಇವತ್ತು ಕುಲಗೋಡದ ಭರತೇಶ ತನ್ನ ತಾಯಿಯನ್ನು ಕರೆದುಕೊಂಡು ಬಂದಿದ್ದ. ಜೈನರ ಮನೆ, ಕುಡಿಯುವ ನೀರನ್ನೂ ಬಟ್ಟೆಯಲ್ಲಿ ಸೋಸುವವರು. ಅವನಿಗೆ ಮದುವೆ ವಿಡಿಯೊ ಎಡಿಟಿಂಗಿಗೆ ಎಲ್ಲವೂ ಭಾರಿಯದೇ ಬೇಕು. ಪ್ರೊಸೆಸರ್, ಮೂವತ್ತೆರಡು ಜಿಬಿ ರ್‍ಯಾಮ್, ಗ್ರಾಫಿಕ್ಸ್ ಕಾರ್ಡ್ ಹತ್ತು ನಿಮಿಷದಲ್ಲಿ ಆರಿಸಿದೆವು. ಕೊನೆಗೆ ಇದನ್ನೆಲ್ಲ ಕೂರಿಸುವ ಪೆಟ್ಟಿಗೆಯ ಸರದಿ ಬಂದಾಗ ಅವನು ನೀಲಿ ದೀಪದ, ಮೂರು ಫ್ಯಾನಿನ ಕ್ಯಾಬಿನೆಟ್ಟಿಗೆ ಕೈ ಹಾಕಿದ.

“ಈ ಫ್ಯಾನ್ ಗಾಳಿ ಒಳಗ ಎಳಕೊಂತೈತೇನ್ರಿ?” ತಾಯಿ ಕೇಳಿದರು.

“ಹೌದ್ರಿ ಅವ್ವಾರ.”

“ದೀಪಕ್ಕ ಹುಳ ಬರ್ತಾವು, ಫ್ಯಾನ್ ಎಳಕೊಂತೈತಿ. ಆ ಪಾಪ ಯಾರಿಗ್ರಿ?”

“ಅವ್ವಾ, ಇದು ಕಂಪ್ಯೂಟರ್. ಸೋಸಾಕ ಕುಡಿಯೋ ನೀರಲ್ಲ,” ಎಂದ ಭರತೇಶ.

“ಒಳಗ ಒಂದೂ ಹುಳ ಹೋಗಂಗಿಲ್ರಿ,” ಎಂದು ನಾನು ಧೈರ್ಯವಾಗಿ ನನ್ನ ಮೇಜಿನ ಕಂಪ್ಯೂಟರನ್ನೇ ಬಿಚ್ಚಿ ತೋರಿಸಿದೆ. ಬಿಚ್ಚಬಾರದಿತ್ತು. ಫ್ಯಾನಿನ ಹಿಂದೆ ಧೂಳಿನ ಕಂಬಳಿ, ಅದರಲ್ಲಿ ಪತಂಗದ ರೆಕ್ಕೆಗಳು, ಒಂದು ಇಡೀ ಮಿಡತೆ. ತಾಯಿ ಕೈ ಮುಗಿದರು. ನನಗಲ್ಲ, ಮಿಡತೆಗೆ.

ವರ್ಷದಿಂದ ಯಾರೂ ಕೇಳದೆ ಮೂಲೆಯಲ್ಲಿದ್ದ, ಸಣ್ಣ ಕಣ್ಣಿನ ಜಾಲರಿಯ, ದೀಪವಿಲ್ಲದ ಕಪ್ಪು ಕ್ಯಾಬಿನೆಟ್ಟು ಪಾಸಾಯಿತು. ಭರತೇಶ ಹೋಗುವಾಗ ನನ್ನ ಕಡೆ ನೋಡಲೂ ಇಲ್ಲ.

ಅವರು ಹೋದ ಮೇಲೆ ನನ್ನ ಕಂಪ್ಯೂಟರನ್ನು ಸ್ವಚ್ಛ ಮಾಡಿದೆ. ಎರಡು ತಿಂಗಳಿಂದ ನಡುನಡುವೆ ಬಂದ್ ಬೀಳುತ್ತಿದ್ದದ್ದು ಈಗ ಸರಾಗವಾಗಿ ನಡೆಯುತ್ತಿದೆ. ಇದನ್ನೂ ಅದರಲ್ಲೇ ಬರೆಯುತ್ತಿದ್ದೇನೆ. ರ್‍ಯಾಮ್ ಬದಲಿಸಿದ್ದೆ, ಸಾಫ್ಟ್‌ವೇರ್ ಎಲ್ಲ ಅಳಿಸಿ ಎರಡು ಸಲ ಹೊಸದಾಗಿ ಲೋಡ್ ಮಾಡಿದ್ದೆ. ಅಹಿಂಸೆಯ ಕಡೆಯಿಂದ ಒಮ್ಮೆಯೂ ಯೋಚಿಸಿರಲಿಲ್ಲ.